ಟುರಿನ್‌ನಲ್ಲಿ ಖಾ ಮತ್ತು ಮೆರಿತ್

ಉತ್ತರ ಇಟಲಿಯ ಟುರಿನ್ ನಗರದ ‘ಮ್ಯೂಸಿಯೊ ಎಜಿಟ್ಸಿಯೊ’ ಪ್ರಾಚೀನ ಈಜಿಪ್ಟಿಗಷ್ಟೇ ಮೀಸಲಾದ, ಜಗತ್ತಿನ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. ಈಜಿಪ್ಟಿನಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದ ಬೆರ್ನಾರ್ಡಿನೊ ಡ್ರೊವೆಟ್ಟಿ ಕಲೆಹಾಕಿದ್ದ 5,000ಕ್ಕೂ ಹೆಚ್ಚು ವಸ್ತುಗಳನ್ನು 1824ರಲ್ಲಿ ಸವೊಯ್ ವಂಶದ ದೊರೆ ಕಾರ್ಲೊ ಫೆಲಿಚೆ ಕೊಂಡುಕೊಂಡ. ಅಲ್ಲಿಂದ ಇದರ ಚರಿತ್ರೆ ಶುರು. ಎರಡು ವರ್ಷ ಹಿಂದಷ್ಟೇ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದ ಶಾಂಪೋಲಿಯೋನ್ ಅದೇ ವರ್ಷ ಟುರಿನ್‌ಗೆ ಬಂದು, ಇಲ್ಲಿನ ಪಪೈರಸ್ ಸುರುಳಿಗಳನ್ನು ಓದುತ್ತ ಕೂತ.

ನೋಡಲು ಬಂದವರ ಕಣ್ಣು ಮೊದಲು ಹೋಗುವುದು ದೇವರುಗಳ ಮತ್ತು ದೊರೆಗಳ ಕಲ್ಲಿನ ಮೂರ್ತಿಗಳತ್ತ. ಸಿಂಹಾಸನದಲ್ಲಿ ಕೂತ ಎರಡನೇ ರಾಮ್ಸೆಸ್‌ನ ಕಪ್ಪು ಶಿಲೆಯ ಪ್ರತಿಮೆ ಅವುಗಳಲ್ಲಿ ಹೆಸರಾದದ್ದು. ಆದರೆ ಡ್ರೊವೆಟ್ಟಿಯ ಕಾಲದಲ್ಲಿ ಯಾವ ವಸ್ತು ಯಾವ ಜಾಗದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂದು ಬರೆದಿಡುವ ರೂಢಿ ಇರಲಿಲ್ಲ. ಆ ನಷ್ಟ ಎಂಥದ್ದೆಂಬುದು ಖಾ ಮತ್ತು ಮೆರಿತ್ ದಂಪತಿಯ ಕೋಣೆಗೆ ಬಂದಾಗ ಗೊತ್ತಾಗುತ್ತದೆ.

ರಾಜರ ಕಣಿವೆಯಲ್ಲಿ ಸಮಾಧಿ ಕೊರೆಯುತ್ತಿದ್ದ ಕುಶಲಕರ್ಮಿಗಳ ಊರು ದೇರ್ ಎಲ್ ಮದೀನಾ. ಸುಮಾರು 3,400 ವರ್ಷಗಳ ಹಿಂದೆ ಅಲ್ಲಿನ ಕೆಲಸದ ಮೇಲ್ವಿಚಾರಕನಾಗಿದ್ದವನು ಖಾ. ಅವನ ಪೂಜಾಮಂದಿರ ಬಹಳ ಹಿಂದೆಯೇ ಪತ್ತೆಯಾಗಿತ್ತು. ಹೆಣವಿಟ್ಟ ಕೋಣೆ ಮಾತ್ರ ಅದರಿಂದ ದೂರ, ಎದುರಿನ ಬಂಡೆಯ ಬುಡದಲ್ಲಿ ಕಲ್ಲುಮಣ್ಣಿನಡಿ ಇದ್ದುದರಿಂದ ಕಳ್ಳರ ಕಣ್ಣಿಗೆ ಬೀಳಲಿಲ್ಲ. 1906ರಲ್ಲಿ ಸಂಗ್ರಹಾಲಯದ ನಿರ್ದೇಶಕ ಎರ್ನೆಸ್ಟೊ ಸ್ಕಿಯಾಪರೆಲ್ಲಿ ಅದನ್ನು ತೆರೆದಾಗ ಎಲ್ಲವೂ ಇಟ್ಟಲ್ಲೇ ಇತ್ತು. ಉತ್ಖನನದಲ್ಲಿ ದೊರೆತದ್ದನ್ನು ಹಂಚಿಕೊಳ್ಳುವ ಅಂದಿನ ಕಟ್ಟಳೆಯಂತೆ ಬಹುತೇಕ ಎಲ್ಲವೂ ಟುರಿನ್‌ಗೆ ಬಂತು.

ಈ ಕೋಣೆಯಲ್ಲಿ ಅವಸರ ಮಾಡಬಾರದು. ಮಂಚ, ಮಡಚುವ ಪೀಠ, ಬಣ್ಣ ಬಳಿದ ಪೆಟ್ಟಿಗೆಗಳು, ಒಣಗಿ ಗಟ್ಟಿಯಾದ ರೊಟ್ಟಿಗಳು, ಬೆಳ್ಳುಳ್ಳಿ, ಜೀರಿಗೆ, ಖರ್ಜೂರ ಎಲ್ಲವೂ ಇವೆ. ಖಾನ ಒಳಉಡುಪುಗಳ ಮೇಲೆ ಅವನ ಗುರುತು ಹಾಕಿದೆ. ಮನುಷ್ಯರ ಕೂದಲಿನಿಂದಲೇ ಹೆಣೆದ ಮೆರಿತ್‌ಳ ವಿಗ್ಗು, ಅದನ್ನಿಡುತ್ತಿದ್ದ ಎತ್ತರದ ಮರದ ಪೆಟ್ಟಿಗೆ ಎರಡೂ ಉಳಿದಿವೆ. ಗಂಡನಿಗಿಂತ ಮೊದಲೇ ತೀರಿಕೊಂಡ ಅವಳನ್ನು, ಗಂಡನಿಗೆಂದು ಮಾಡಿಸಿದ್ದ ಶವಪೆಟ್ಟಿಗೆಯಲ್ಲೇ ಮಲಗಿಸಿದ್ದರು. ಅಳತೆ ದೊಡ್ಡದಾದ್ದರಿಂದ ಸುತ್ತಲಿನ ಜಾಗಕ್ಕೆ ಬಟ್ಟೆ ತುಂಬಿದ್ದರು. ಅವಸರದಲ್ಲಿ ಮನೆಯವರು ಮಾಡಿಕೊಂಡ ಈ ಏರ್ಪಾಡು, ಯಾವ ಶಾಸನವೂ ಹೇಳದ ದುಃಖವನ್ನು ಹೇಳುತ್ತದೆ. ಇಬ್ಬರ ಮಮ್ಮಿಗಳ ಸುತ್ತುಬಟ್ಟೆಯನ್ನೂ ಇಂದಿಗೂ ಬಿಚ್ಚಿಲ್ಲ. ಒಳಗಿರುವ ಚಿನ್ನದ ಒಡವೆಗಳು ಎಕ್ಸ್-ರೇಯಲ್ಲಿ ಕಂಡಿವೆ.

ಈ ಕೋಣೆ ನೋಡಿದವರು ಪಪೈರಸ್ ವಿಭಾಗವನ್ನು ಬಿಡದೆ ನೋಡಬೇಕು. ದೊರೆಗಳ ಹೆಸರು ಮತ್ತು ಆಳಿದ ಕಾಲವನ್ನು ನಮೂದಿಸಿದ ಪಟ್ಟಿ, ಚಿನ್ನದ ಗಣಿಗಳ ನಕ್ಷೆ ಇಲ್ಲಿಯವೇ. ದೇರ್ ಎಲ್ ಮದೀನಾದ ಇನ್ನೊಂದು ಹಾಳೆ, ಖಾನ ನಂತರ ಸುಮಾರು ಇನ್ನೂರು ವರ್ಷ ಕಳೆದ ಮೇಲಿನದು. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಕೂಲಿಯ ಧಾನ್ಯ ಬಾರದೆ ಹಸಿದ ಕೆಲಸಗಾರರು, ಕೈಕೆಲಸ ಬಿಟ್ಟು ದೇವಾಲಯಗಳ ಹಿಂಬದಿಗೆ ಹೋಗಿ ಧರಣಿ ಕೂತದ್ದನ್ನು ಅದು ದಾಖಲಿಸುತ್ತದೆ. ಜಗತ್ತಿನಲ್ಲಿ ಬರಹಕ್ಕೆ ಸಿಕ್ಕಿರುವ ಮೊದಲ ಮುಷ್ಕರವೆಂದು ಅದು ಪ್ರಸಿದ್ಧ. ಬಾಕಿ ಧಾನ್ಯ ಕೊಟ್ಟ ಮೇಲೆ ಅವರು ಕೆಲಸಕ್ಕೆ ಮರಳಿದರು; ಪೂರೈಕೆ ಮತ್ತೆ ತಪ್ಪಿದಾಗ ಮತ್ತೆ ಕೆಲಸ ನಿಲ್ಲಿಸಿದರು.