ಕುದುರೆಮುಖದಲ್ಲಿ ಎರಡು ರಾತ್ರಿ: ಕಾಡಿನ ಶಿಬಿರಕ್ಕೆ ಹೋಗುವ ಬೆಳೆಗಾರರಿಗೆ

ಬೆಟ್ಟವೆಂದರೆ ಅಕ್ಕೂರಿನ ಸುತ್ತಿನವರಿಗೆ ಹೊಸದಲ್ಲ. ಕಬ್ಬಾಳಮ್ಮನ ಜಾತ್ರೆಗೆ ಹೋದಾಗಲೆಲ್ಲ ಕಬ್ಬಾಳುದುರ್ಗವನ್ನು ಕತ್ತೆತ್ತಿ ನೋಡಿದ್ದೇವೆ. ಮಾಗಡಿಯ ಸಾವನದುರ್ಗ, ರಾಮನಗರದ ಬಂಡೆಗಳು ನಮ್ಮ ನೆರೆಹೊರೆ. ಆದರೆ ಇವೆಲ್ಲ ಕಲ್ಲಿನ ಬೆಟ್ಟಗಳು. ಮಳೆ ಬಿದ್ದ ಒಂದು ಗಳಿಗೆಯಲ್ಲಿ ನೀರು ಜಾರಿ ಕೆರೆ ಸೇರುತ್ತದೆ, ಕೆರೆ ತುಂಬದಿದ್ದರೆ ಅದೂ ಇಲ್ಲ. ಬೆಟ್ಟವೇ ನೀರನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುವ ಸೀಮೆಯೊಂದನ್ನು ಬೆಳೆಗಾರನಾದವನು ಒಮ್ಮೆಯಾದರೂ ನೋಡಬೇಕು. ಆ ಉದ್ದೇಶದಿಂದಲೇ ಅಕ್ಕೂರಿನ ಕಡೆಯ ಕೆಲವು ಬೆಳೆಗಾರರು ಕೂಡಿ ಅಕ್ಟೋಬರಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಭಗವತಿ ಪ್ರಕೃತಿ ಶಿಬಿರದಲ್ಲಿ ಎರಡು ರಾತ್ರಿ ತಂಗಿ ಬಂದೆವು. ಹೋಗಬಯಸುವ ಇತರ ಸದಸ್ಯರಿಗೆ ಅನುಕೂಲವಾಗಲೆಂದು ಕಂಡದ್ದನ್ನೂ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಯಾವಾಗ ಹೋಗಬೇಕು

ತೋಟದವನಿಗೆ ಬಿಡುವು ಸಿಗುವುದೇ ಅಪರೂಪ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಯ ನಡುವೆ ಇನ್ನೊಮ್ಮೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಹೂಮಳೆಯ ಕಾಯುವಿಕೆ. ನಮ್ಮ ಬಯಲು ಸೀಮೆಯಲ್ಲಾದರೆ ರಾಗಿ ಕೊಯ್ಲೂ ಅದೇ ಹೊತ್ತಿಗೆ. ಇವುಗಳ ನಡುವೆ ಅಕ್ಟೋಬರ್ ಒಂದೇ ಸ್ವಲ್ಪ ಸಡಿಲವಾದ ತಿಂಗಳು. ಅದೃಷ್ಟವಶಾತ್ ಕುದುರೆಮುಖಕ್ಕೂ ಅದೇ ಒಳ್ಳೆಯ ಕಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಸುರಿಯುವ ಮಳೆ ನಮ್ಮ ಊಹೆಗೆ ನಿಲುಕದ್ದು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಎಂದು ಲೆಕ್ಕ. ಚನ್ನಪಟ್ಟಣದ ಕಡೆ ಬೀಳುವುದು ಅದರ ಎಂಟನೆಯ ಒಂದು ಪಾಲಿನಷ್ಟು. ಜನವರಿ ಕಳೆದ ಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಬರುತ್ತದೆ. ಆಗ ಬೆಟ್ಟ ಹತ್ತುವುದನ್ನು ಇಲಾಖೆ ನಿಲ್ಲಿಸುವುದುಂಟು.

ದಾರಿ

ಚನ್ನಪಟ್ಟಣದಿಂದ ಮದ್ದೂರು, ನಾಗಮಂಗಲ, ಬೆಳ್ಳೂರು ಕ್ರಾಸ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ಮಾರ್ಗವಾಗಿ ಕುದುರೆಮುಖ ಊರನ್ನು ತಲುಪಬಹುದು. ಪೂರಾ ಒಂದು ಹಗಲಿನ ಹಾದಿ. ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೋದವರಿಗೆ ಕಳಸದವರೆಗಿನ ರಸ್ತೆ ಪರಿಚಯವಿದ್ದೇ ಇರುತ್ತದೆ. ಕಳಸದ ಸುತ್ತ ಗಾಡಿಯನ್ನು ನಿಧಾನ ಮಾಡಿ ತೋಟಗಳನ್ನು ನೋಡಬೇಕು. ಇಳಿಜಾರಿನಲ್ಲಿ ನೆರಳು ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಕೆಳಗೆ ಹಳ್ಳದ ಬದಿಯಲ್ಲಿ ಅಡಿಕೆ. ಯಾವ ಬೆಳೆ ಎಲ್ಲಿರಬೇಕೆಂದು ನೀರೇ ಹೇಳಿದಂತಿದೆ. ಬಸಿಗಾಲುವೆ ತೆಗೆದ ಕ್ರಮವನ್ನು ನೋಡಿಯೇ ಕಲಿಯಬಹುದು. ನಮಗೆ ನೀರು ತರುವುದು ಚಿಂತೆ, ಅವರಿಗೆ ನೀರು ಬಸಿಯುವುದು ಚಿಂತೆ. ಎಲೆಚುಕ್ಕೆ ರೋಗ ಬಡಿದ ತೋಟಗಳೂ ಆ ಕಡೆ ಇವೆ. ಅಲ್ಲಿಂದ ಗಿಡ, ಗೊನೆ, ಸೋಗೆ ಯಾವುದನ್ನೂ ಊರಿಗೆ ತರಬಾರದೆಂಬುದು ನಮ್ಮ ಕಳಕಳಿಯ ಸಲಹೆ.

ಉದ್ಯಾನದ ಗಡಿಯಲ್ಲಿ ಅರಣ್ಯ ಇಲಾಖೆಯ ತಪಾಸಣಾ ಠಾಣೆ ಇದೆ. ಅಲ್ಲಿಂದ ಮುಂದೆ ದಾರಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಒಲೆ ಹೂಡುವಂತಿಲ್ಲ. ಶಿಬಿರಕ್ಕೆ ಜಾಗವನ್ನು ಮುಂಗಡವಾಗಿ ಕಾಯ್ದಿರಿಸಿ, ಆ ರಸೀತಿಯನ್ನೂ ಗುರುತಿನ ಚೀಟಿಯನ್ನೂ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ಅಂತರ್ಜಾಲದಲ್ಲಿ ಕಾಯ್ದಿರಿಸುವುದು ತಿಳಿಯದವರು ಮನೆಯ ಮಕ್ಕಳ ನೆರವು ಪಡೆಯುವುದು ಒಳ್ಳೆಯದು. ಫೋನಿನ ಸಿಗ್ನಲ್ಲನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ತೋಟದ ಆಳಿಗೂ ಮನೆಯವರಿಗೂ ಹೇಳಬೇಕಾದ್ದನ್ನೆಲ್ಲ ಕಳಸದಲ್ಲೇ ಹೇಳಿ ಮುಗಿಸಬೇಕು.

ಶೋಲೆ ಎಂಬ ಕಾಡು

ನಮ್ಮ ಕಡೆ ಶೋಲೆ ಎಂದರೆ ರಾಮನಗರದ ಬಂಡೆಗಳ ನಡುವೆ ತೆಗೆದ 1975ರ ಹಿಂದಿ ಚಿತ್ರ. ಮಲೆನಾಡಿನಲ್ಲಿ ಶೋಲೆ ಎಂದರೆ ಬೇರೆ. ಎತ್ತರದ ಗುಡ್ಡಗಳ ಮೈಯೆಲ್ಲ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಕೆಯಲ್ಲಿ ಮಾತ್ರ ದಟ್ಟವಾದ ನಿತ್ಯಹರಿದ್ವರ್ಣದ ಕಾಡು. ಈ ಮಡಿಕೆಯ ಕಾಡಿಗೆ ಶೋಲಾ ಎನ್ನುತ್ತಾರೆ. ದೂರದಿಂದ ನೋಡಿದರೆ ಹಸುರು ಕಂಬಳಿಯ ಮಡಿಕೆಗಳಲ್ಲಿ ಕಪ್ಪು ನೂಲು ಹೊಲಿದಂತೆ ಕಾಣುತ್ತದೆ.

ಹುಲ್ಲುಗುಡ್ಡವನ್ನು ಬರಿ ಬೋಳುಗುಡ್ಡವೆಂದು ತಿಳಿಯುವುದು ಸಾಮಾನ್ಯ. ಹಿಂದೆ ಪಶ್ಚಿಮ ಘಟ್ಟದ ಎಷ್ಟೋ ಕಡೆ ಇಂಥ ಹುಲ್ಲುಗಾವಲನ್ನು ಬೀಳುಭೂಮಿಯೆಂದು ಎಣಿಸಿ ಅಕೇಶಿಯಾ, ನೀಲಗಿರಿ ನೆಟ್ಟದ್ದೂ ಉಂಟು. ಆದರೆ ಹುಲ್ಲಿನ ಬೇರು, ಅದರ ಕೆಳಗಿನ ಕಪ್ಪು ಮಣ್ಣು, ಶೋಲೆಯ ತರಗೆಲೆ, ಈ ಮೂರೂ ಸೇರಿ ಮಳೆಯನ್ನು ಹೀರಿಕೊಂಡು ನಿಧಾನವಾಗಿ ಹಳ್ಳಕ್ಕೆ ಬಿಡುತ್ತವೆ. ಕಾಫಿ ತೋಟದಲ್ಲಿ ತರಗು ಹಾಸಿದ ಜಾಗ ಬೇಸಿಗೆಯಲ್ಲೂ ತಂಪಾಗಿರುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಡುವಲಕ್ಕೆ ಇಳಿದು ಮಂಗಳೂರಿನ ಬಳಿ ಕಡಲು ಸೇರುತ್ತಾಳೆ. ಭದ್ರೆ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ನಾಲೆಗಳ ಮೂಲಕ ಭದ್ರಾವತಿ, ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಹರಿಯುತ್ತಾಳೆ. ಕುದುರೆಮುಖದ ಹುಲ್ಲಿನಲ್ಲಿ ಇಂಗಿದ ಹನಿ ಬಯಲು ಸೀಮೆಯ ಅಡಿಕೆ ಗೊನೆಯಲ್ಲಿ ಕಾಯಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಗಣಿಯ ಕಥೆ

ಇಂಥ ಜಾಗದಲ್ಲಿಯೇ ಕಬ್ಬಿಣದ ಅದಿರೂ ಇತ್ತು. ಇರಾನ್ ದೇಶಕ್ಕೆ ಅದಿರು ಒದಗಿಸುವ ಒಪ್ಪಂದದ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಗಣಿ ನಡೆಯಿತು. ಅದಿರಿನ ಪುಡಿಯನ್ನು ನೀರಿನೊಂದಿಗೆ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿದ್ದರು. ಉಳಿದ ಮಣ್ಣನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಒಂದು ಇಡೀ ಊರು, ಶಾಲೆ, ಆಸ್ಪತ್ರೆ ಎದ್ದು ನಿಂತವು.

1980ರ ದಶಕದಲ್ಲಿ ಡಾ. ಕೆ. ಉಲ್ಲಾಸ ಕಾರಂತರು ಸಿಂಗಳೀಕಗಳ ಅಧ್ಯಯನ ನಡೆಸಿ ಈ ಕಾಡಿನ ಮಹತ್ವವನ್ನು ಎತ್ತಿ ತೋರಿಸಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಗುರುತಿಸಲಾಯಿತು. ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿದೆ ಎಂಬ ದೂರು ಬಲವಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪನವರು ಮುಂತಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಗಣಿ ನಿಂತಾಗ ಕೂಲಿ ಕಳೆದುಕೊಂಡವರು, ಅಂಗಡಿ ಮುಚ್ಚಿದವರು ಅನೇಕರು. ಉದ್ಯಾನದೊಳಗೆ ತಲೆಮಾರುಗಳಿಂದ ಗದ್ದೆ, ಅಡಿಕೆ, ಕಾಫಿ ಮಾಡಿಕೊಂಡಿದ್ದ ಸಣ್ಣ ಹಿಡುವಳಿಯ ಕುಟುಂಬಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಪರಿಹಾರ ಪಡೆದು ಹೊರಗೆ ಹೋದವರಿದ್ದಾರೆ, ಹೋಗದೆ ಉಳಿದವರಿದ್ದಾರೆ. ರಸ್ತೆ, ವಿದ್ಯುತ್ತು ಅವರಿಗೆ ಸುಲಭದ ಮಾತಲ್ಲ. ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂದಂದಿನಿಂದ ಘಟ್ಟದ ಬೆಳೆಗಾರರಲ್ಲಿ ಆತಂಕವಿದೆ. ಶಿಬಿರಕ್ಕೆ ಹೋದ ನಾವು ಎರಡು ದಿನದ ಅತಿಥಿಗಳು. ಅವರು ಅಲ್ಲಿಯ ಮನೆಯವರು. ಅವರ ತೋಟದೊಳಗೆ ಹೇಳದೆ ಕೇಳದೆ ನುಗ್ಗುವುದು, ಹಣ್ಣು ಕೀಳುವುದು, ಫೋಟೋ ತೆಗೆಯುವುದು ಸಲ್ಲದು.

ಶಿಬಿರದಲ್ಲಿ

ಭಗವತಿ ಶಿಬಿರದಲ್ಲಿ ಮಂಚ ಹಾಕಿದ ಡೇರೆಗಳಿವೆ, ಊಟದ ವ್ಯವಸ್ಥೆಯಿದೆ. ಸುತ್ತ ಕಾಡು, ಪಕ್ಕದಲ್ಲಿ ಹಳ್ಳ. ರಾತ್ರಿ ಹಳ್ಳದ ಸದ್ದು ಎಡೆಬಿಡದೆ ಕೇಳುತ್ತದೆ. ಬೋರ್‌ವೆಲ್ ಮೋಟಾರಿನ ಸದ್ದಿಗೆ ಎಚ್ಚರವಾಗಿ, ಅದು ನಿಂತರೆ ಎದೆ ಝಲ್ಲೆನ್ನುವ ನಮ್ಮಂಥವರಿಗೆ ಯಾರೂ ಸ್ವಿಚ್ಚು ಹಾಕದೆ ಹರಿಯುವ ನೀರಿನ ಸದ್ದು ನಿದ್ದೆಗೆಡಿಸಿತೆಂದೇ ಹೇಳಬೇಕು. ಬೆಳಗ್ಗೆ ಮರದ ತುದಿಯಲ್ಲಿ ಮಲಬಾರ್ ಕೆಂದಳಿಲನ್ನೂ, ರೆಕ್ಕೆ ಬೀಸುವ ಸದ್ದಿನಿಂದಲೇ ಗುರುತು ಸಿಗುವ ಮಂಗಟ್ಟೆ ಹಕ್ಕಿಯನ್ನೂ ನೋಡಿದೆವು. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕಾಣಲಿಲ್ಲವೆಂದು ಬೇಸರಪಡಬಾರದು. ರಸ್ತೆಬದಿಗೆ ಬಂದ ಕೋತಿಗಳಿಗೆ ಬಿಸ್ಕತ್ತು ಎಸೆಯುವುದಂತೂ ಕೂಡದು. ತಿಂಡಿಯ ಆಸೆಗೆ ರಸ್ತೆಗೆ ಬಂದದ್ದು ಗಾಡಿಯ ಚಕ್ರಕ್ಕೆ ಸಿಗುತ್ತದೆ.

ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರವನ್ನು ಹತ್ತಬಯಸುವವರು ಬೇರೆಯಾಗಿ ಅನುಮತಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಮುಳ್ಳೋಡಿಯಿಂದ ಹತ್ತಿ ಅದೇ ದಿನ ಇಳಿಯಬೇಕು. ಶಿಖರದ ಮೇಲೆ ಡೇರೆ ಹಾಕಿ ತಂಗಲು ಅವಕಾಶವಿಲ್ಲ. ಮೊಣಕಾಲು ನೋವಿರುವ ಹಿರಿಯರು ಶಿಬಿರದ ಸುತ್ತಿನ ನಡಿಗೆಯಲ್ಲೇ ತೃಪ್ತಿಪಡುವುದು ಲೇಸು.

ಗಮನಿಸಬೇಕಾದ ಅಂಶಗಳು

1. ಕೋವಿ: ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಯಿದ್ದವರು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಆಯುಧದೊಂದಿಗೆ ಉದ್ಯಾನ ಪ್ರವೇಶಿಸುವುದು ಅಪರಾಧ. ಸಾಕುನಾಯಿಯನ್ನೂ ಕರೆತರಬಾರದು.

2. ಬೆಂಕಿ: ಶಿಬಿರದವರು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಬೆಂಕಿ ಹಾಕಬಾರದು. ಕಾಡಿನ ಸೌದೆ ಮುಟ್ಟಬಾರದು. ಬೀಡಿಯ ಕೊನೆಯ ತುಣುಕು ಸಾಕು, ಒಂದು ಗುಡ್ಡದ ಹುಲ್ಲು ಬೂದಿಯಾಗಲು.

3. ಜಿಗಣೆ: ಮಳೆ ಬಿಟ್ಟ ಮೇಲೂ ಕೆಲವು ವಾರ ಜಿಗಣೆಗಳಿರುತ್ತವೆ. ಉದ್ದನೆಯ ಕಾಲುಚೀಲ ಹಾಕಿ, ಉಪ್ಪಿನ ಪುಡಿಯ ಗಂಟನ್ನು ಜೊತೆಗಿಟ್ಟುಕೊಳ್ಳಬೇಕು. ಕಚ್ಚಿದ್ದನ್ನು ಎಳೆದು ಕೀಳದೆ ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

4. ಉಣ್ಣೆ: ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ನವೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು ಎಚ್ಚರ ಬೇಕು. ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಬೇಕು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

5. ಊಟ: ದಾರಿಗೆ ರಾಗಿ ಹುರಿಹಿಟ್ಟು, ಬೆಲ್ಲ, ನಮ್ಮದೇ ಕಾಫಿಪುಡಿ ಸಾಕು. ತಟ್ಟೆಗೆ ಅಡಿಕೆ ಹಾಳೆಯನ್ನೇ ಬಳಸಿ. ಉಂಡ ಮೇಲೆ ಅದನ್ನೂ ಕಾಡಿನಲ್ಲಿ ಎಸೆಯದೆ ಶಿಬಿರದ ಕಸದ ಬುಟ್ಟಿಗೆ ಹಾಕಬೇಕು.

ಅಡಿಕೆಯ ಪೊಟ್ಟಣ

ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ರಸ್ತೆಯ ತಿರುವುಗಳಲ್ಲಿ, ಹಳ್ಳದ ಕಲ್ಲುಗಳ ಸಂದಿಯಲ್ಲಿ ನಮಗೆ ಹೆಚ್ಚಾಗಿ ಕಂಡ ಕಸ ಎರಡು: ನೀರಿನ ಬಾಟಲಿ ಮತ್ತು ಪಾನ್ ಮಸಾಲೆಯ ಪೊಟ್ಟಣ. ರಾಜ್ಯದಲ್ಲಿ ಗುಟ್ಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಿದರೂ ಪೊಟ್ಟಣಗಳ ಹಾವಳಿ ನಿಂತಿಲ್ಲ. ಆ ಪೊಟ್ಟಣದೊಳಗೆ ಇದ್ದದ್ದು ಅಡಿಕೆ. ಯಾರೋ ಬೆಳೆಗಾರ ಕಷ್ಟಪಟ್ಟು ಬೆಳೆದು, ಕೊನೆಗಾರನನ್ನು ಕಾದು, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಅಡಿಕೆ. ಭದ್ರೆಯ ನೀರು ಕುಡಿದು ಬೆಳೆದ ಅಡಿಕೆ ಪ್ಲಾಸ್ಟಿಕ್ಕಿನ ಚೂರಾಗಿ ಭದ್ರೆಯ ಹುಟ್ಟಿಗೇ ಮರಳುವುದೆಂದರೆ ಬೆಳೆದವರಿಗೆ ನಾಚಿಕೆಯ ವಿಷಯ. ಎಲೆ ಅಡಿಕೆ ಹಾಕುವವರು ಸಂಚಿಯಲ್ಲಿ ಒಯ್ಯಲಿ. ಸಂಚಿಯಿಂದ ಯಾವ ಹಳ್ಳವೂ ಕೆಟ್ಟದ್ದಿಲ್ಲ.

ನಮ್ಮೂರಿಗೆ ಇದರಿಂದ ಏನು

ಕುದುರೆಮುಖ ಉದ್ಯಾನವಾದ 1987ರಲ್ಲಿಯೇ ನಮ್ಮ ಪಕ್ಕದ ಕಾವೇರಿ ವನ್ಯಜೀವಿ ಧಾಮವೂ ಘೋಷಣೆಯಾಯಿತು. ಆ ಕಡೆಯಿಂದ ಬರುವ ಆನೆಗಳ ಕಾಟ ಅಕ್ಕೂರಿನ ಸುತ್ತಿನ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು. ರಾತ್ರಿ ಬಾಳೆ, ತೆಂಗು, ರಾಗಿ ಹಾಳಾಗಿ, ಜೀವವೂ ಹೋದಾಗ ಕಾಡೆಂದರೆ ಕೋಪ ಬರುವುದು ಸಹಜ. ಪರಿಹಾರ ಬೇಗ ಸಿಗಬೇಕು, ತಡೆ ಬೇಲಿ ಸರಿಯಾಗಿರಬೇಕು; ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಕಾಡಿಗೂ ನಮಗೂ ಇರುವ ಲೆಕ್ಕದಲ್ಲಿ ನಷ್ಟದ ಪುಟವೊಂದೇ ಅಲ್ಲ, ಜಮೆಯ ಪುಟವೂ ಇದೆ. ನಮ್ಮ ಊರಿನಲ್ಲಿ ಆ ಜಮೆ ಕಣ್ಣಿಗೆ ಬೀಳುವುದಿಲ್ಲ. ಕುದುರೆಮುಖದಲ್ಲಿ ಅದು ಕಲ್ಲಿನಿಂದ ಕಲ್ಲಿಗೆ ಹಾರಿ ಕಣ್ಣೆದುರೇ ಹರಿಯುತ್ತದೆ.

ತಮ್ಮ ತೋಟದಲ್ಲೇ ಡೇರೆ ಹಾಕಿ ಪ್ರವಾಸಿಗರಿಗೆ ಕೊಡುವ ಯೋಚನೆ ಕೆಲವು ಸದಸ್ಯರಿಗಿದೆ. ಬೆಲೆ ಏರಿಳಿಯುವ ಕಾಲದಲ್ಲಿ ಅದು ಕೈಗೆ ನಾಲ್ಕು ಕಾಸು ತರಬಹುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ಕೊಳಕು ನೀರು ಹಳ್ಳಕ್ಕೆ ಬೀಳದಂತೆ ಗುಂಡಿ ತೋಡಿ, ರಾತ್ರಿ ಧ್ವನಿವರ್ಧಕಕ್ಕೆ ಅವಕಾಶ ಕೊಡದೆ ಮಾಡುವುದಾದರೆ ಮಾಡಲಿ. ಹೇಗೆ ನಡೆಸಬೇಕೆಂಬುದನ್ನು ಮೊದಲು ಇಂಥ ಶಿಬಿರವೊಂದರಲ್ಲಿ ಅತಿಥಿಯಾಗಿ ಎರಡು ರಾತ್ರಿ ಇದ್ದು ನೋಡಿ ಕಲಿಯಲಿ. ಮುಂದಿನ ಅಕ್ಟೋಬರಿನಲ್ಲಿ ಹೊರಡಬಯಸುವ ಸದಸ್ಯರು ಎರಡನೆಯ ಸುತ್ತಿನ ಬೋರ್ಡೋ ಮುಗಿಯುತ್ತಲೇ ಜೊತೆಗಾರರನ್ನು ಗೊತ್ತುಮಾಡಿಕೊಂಡು ಜಾಗ ಕಾಯ್ದಿರಿಸುವುದು ಒಳ್ಳೆಯದು. ಮನೆಯ ಹೆಣ್ಣುಮಕ್ಕಳನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ತಪ್ಪದೆ ಕರೆದೊಯ್ಯಬೇಕು. ನಾಳೆ ತೋಟ ನೋಡಿಕೊಳ್ಳುವವರು ಅವರೇ ಅಲ್ಲವೇ?