ಮಳೆಗಾಲಕ್ಕೆ ಮುನ್ನ ವೈಪರಿನ ಮೋಟಾರು

ಮುಂಬಯಿಯ ಮಳೆ ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದುದು ಅನೇಕರಿಗೆ ನೆನಪಿದ್ದೀತು. ಅಂಥ ಮಳೆಯಲ್ಲಿ ಕಾರಿನ ವೈಪರು ನಿಂತರೆ, ಎಂಜಿನು ಎಷ್ಟು ಚೆನ್ನಾಗಿದ್ದರೇನು?

ಕೆಲವು ವರ್ಷಗಳ ಹಿಂದೆ ನಮಗೆ ಹಾಗೆಯೇ ಆಯಿತು. ಧಾರವಾಡದಿಂದ ಮರಳುವಾಗ, ಖಂಡಾಳ ಘಟ್ಟದಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದಾಗ ವೈಪರು ನಿಂತುಹೋಯಿತು. ಮುಂದೆ ಏನೂ ಕಾಣದು. ಸುರಕ್ಷಿತ ಸ್ಥಳ ನೋಡಿ ಕಾರು ನಿಲ್ಲಿಸಿ, ಮಳೆ ತಗ್ಗುವವರೆಗೆ ಜೀವ ಕೈಯಲ್ಲಿ ಹಿಡಿದು ಕುಳಿತೆವು.

ಮನೆಗೆ ಬಂದು ಹೊಸ ಮೋಟಾರು ನಾನೇ ಕೂರಿಸಿದೆ. ಸ್ವಿಚ್ಚು ಹಾಕಿದೊಡನೆ ಕಡ್ಡಿಗಳು ಗಾಜಿನ ಚೌಕಟ್ಟಿಗೆ ಫಟ್ಟನೆ ಬಡಿದವು! ಮೋಟಾರಿನಲ್ಲಿ ದೋಷವಿರಲಿಲ್ಲ, ತಪ್ಪು ನನ್ನದು.

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ ಪೇಟೆಂಟು ಪಡೆದ ವೈಪರನ್ನು ಒಳಗಿನಿಂದ ಕೈಯಲ್ಲೇ ಆಡಿಸಬೇಕಿತ್ತು. ಈಗ ಆ ಕೆಲಸ ಮೋಟಾರಿನದು. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಅದಕ್ಕೆ ಜೋಡಿಸಿದ ಸಣ್ಣ ತೋಳು, ಸಲಾಕೆಗಳು ಆ ಸುತ್ತನ್ನು ಎಡಬಲದ ಓಲಾಟವಾಗಿಸುತ್ತವೆ. ನಾವು ಸ್ವಿಚ್ಚು ಆರಿಸಿದರೂ ಮೋಟಾರು ಥಟ್ಟನೆ ನಿಲ್ಲದು. ಕಡ್ಡಿಗಳು ಗಾಜಿನ ಬುಡ ಸೇರುವವರೆಗೆ ತಿರುಗಿ, ತನ್ನ ತಂಗುದಾಣದಲ್ಲಿಯೇ ನಿಲ್ಲುತ್ತದೆ. ಈ ಗುಟ್ಟನ್ನು ಅರಿಯದೆ ಜೋಡಿಸಿದ್ದೇ ನನ್ನ ತಪ್ಪು.

ಸರಿಯಾದ ಕ್ರಮ ಹೀಗಿದೆ. ಮೊದಲು ಫ್ಯೂಸು ನೋಡಿರಿ. ಎಷ್ಟೋ ಸಲ ಕೆಟ್ಟಿರುವುದು ಅದೊಂದೇ. ಮೋಟಾರೇ ಸುಟ್ಟಿದ್ದರೆ ಬ್ಯಾಟರಿಯ ಋಣ ತಂತಿ ಬಿಚ್ಚಿ, ಕಡ್ಡಿಗಳು ಮಲಗುವ ಜಾಗಕ್ಕೆ ಗಾಜಿನ ಮೇಲೆ ಪಟ್ಟಿ ಅಂಟಿಸಿರಿ. ಹಳೆಯ ಮೋಟಾರಿನ ತೋಳು ಯಾವ ಕೋನದಲ್ಲಿದೆ ಎಂಬುದನ್ನೂ ಗುರುತಿಸಿಕೊಳ್ಳಿರಿ. ಅದನ್ನು ಕಳಚಿದ ಮೇಲೆ ಸಲಾಕೆಗಳನ್ನು ಕೈಯಿಂದ ಆಡಿಸಿ ನೋಡಿರಿ. ಅವು ಬಿಗಿದುಕೊಂಡಿದ್ದರೆ ಹೊಸ ಮೋಟಾರೂ ಸುಟ್ಟೀತು.

ಇನ್ನು ಮುಖ್ಯವಾದ ಮಾತು. ಹೊಸ ಮೋಟಾರಿಗೆ ತೋಳು ಜೋಡಿಸುವ ಮೊದಲು ತಂತಿಗಳನ್ನು ಸೇರಿಸಿ, ಕೈ ದೂರವಿಟ್ಟು, ಒಮ್ಮೆ ಓಡಿಸಿ ಸ್ವಿಚ್ಚು ಆರಿಸಿರಿ. ಅದು ತನ್ನ ತಂಗುದಾಣ ಸೇರಲಿ. ಮತ್ತೆ ಬ್ಯಾಟರಿಯ ತಂತಿ ಬಿಚ್ಚಿ, ತೋಳನ್ನು ಹಳೆಯ ಕೋನಕ್ಕೂ ಕಡ್ಡಿಗಳನ್ನು ಪಟ್ಟಿಯ ಗುರುತಿಗೂ ಕೂರಿಸಿರಿ. ಕೊನೆಗೆ ಗಾಜಿಗೆ ನೀರು ಸುರಿದೇ ಪರೀಕ್ಷಿಸಿರಿ. ಒಣಗಾಜಿನ ಮೇಲೆ ಓಡಿಸಬೇಡಿರಿ.

ಅಂದಿನಿಂದ ಮೇ ತಿಂಗಳಲ್ಲಿ ಹಪ್ಪಳ ಒಣಗಿಸುವುದು ಹೇಗೋ, ಕಾರಿನ ಗಾಜಿಗೆ ನೀರು ಚಿಮುಕಿಸಿ ವೈಪರು ನೋಡುವುದೂ ಹಾಗೆಯೇ ನಮ್ಮ ಮನೆಯ ನಿಯಮವಾಗಿದೆ. ನೀರು ಸುರಿಯುವ ಕೆಲಸ ಮಕ್ಕಳದು.