ಶಾಖದ ಹಾದಿ

ರಾಜಾಜಿನಗರ, ವಿಜಯನಗರಗಳ ಕಂಪ್ಯೂಟರ್ ದುರಸ್ತಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಒಂದು ವಿಚಿತ್ರವಾದುದು. ಪ್ರೊಸೆಸರಿನ ಶಾಖವನ್ನು ಹೀರಿ ಹೊರಕ್ಕೆ ಬಿಡುವ ಹೀಟ್‌ಸಿಂಕನ್ನು ಬದಲಿಸಿದ ಮೇಲೆ ಯಂತ್ರವು ಮೊದಲಿಗಿಂತ ಹೆಚ್ಚಾಗಿ ಕಾದು ತಾನಾಗಿಯೇ ನಿಂತುಹೋಗುತ್ತದೆ. ಪ್ರೊಸೆಸರ್ ಸುಟ್ಟಿತೆಂದು ಒಡೆಯನು ಕಂಗಾಲಾಗುತ್ತಾನೆ. ವಾಸ್ತವವಾಗಿ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಉಷ್ಣತೆಯು 100 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿದಾಗ ಇಂದಿನ ಪ್ರೊಸೆಸರುಗಳು ಮೊದಲು ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಅದೂ ಸಾಲದಾದರೆ ಕೆಲಸವನ್ನೇ ನಿಲ್ಲಿಸುತ್ತವೆ.

ದೋಷವಿರುವುದು ಹೆಚ್ಚಾಗಿ ಎರಡು ಲೋಹಗಳು ಕೂಡುವೆಡೆಯಲ್ಲಿ. ಕಣ್ಣಿಗೆ ನುಣುಪಾಗಿ ತೋರುವ ತಾಮ್ರದ ಮೈಯಲ್ಲಿಯೂ ಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಅಲ್ಲಿ ಸೇರಿಕೊಳ್ಳುವ ಗಾಳಿಯು ತಾಮ್ರಕ್ಕಿಂತ ಹಲವು ಸಾವಿರ ಪಟ್ಟು ಕಡಿಮೆ ಶಾಖವನ್ನು ಸಾಗಿಸುತ್ತದೆ. ಆ ಗಾಳಿಯನ್ನು ಹೊರದೂಡಲೆಂದೇ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟನ್ನು ಹಚ್ಚುವುದು. ಒಣಗಿದ ಹಳೆಯ ಲೇಪವನ್ನು ಒರೆಸದಿದ್ದರೆ, ತಿರುಪುಗಳನ್ನು ಸಮನಾಗಿ ಬಿಗಿಯದಿದ್ದರೆ ಗಾಳಿಗೆ ಮತ್ತೆ ಎಡೆ ದೊರೆಯುತ್ತದೆ. ಹೇಳಲು ನಾಚಿಕೆಯಾಗುವ, ಆದರೆ ನುರಿತವರೂ ಮಾಡುವ ತಪ್ಪೊಂದಿದೆ: ಹೊಸ ಹೀಟ್‌ಸಿಂಕಿನ ತಳಕ್ಕೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆಯುವುದು. ಫ್ಯಾನಿನ ತಂತಿಯನ್ನು ಜೋಡಿಸದೆ ಮುಚ್ಚಿಬಿಡುವವರೂ ಉಂಟು.

ಹೊಸ ಪ್ರೊಸೆಸರಿಗೆ ಹಣ ತೆರುವ ಮುನ್ನ ಹೀಟ್‌ಸಿಂಕನ್ನು ಬಿಚ್ಚಿ ಲೇಪದ ಗುರುತನ್ನು ನೋಡಬೇಕು. ಅದು ಎಲ್ಲೆಡೆ ತೆಳ್ಳಗೆ ಹರಡಿದ್ದರೆ ಒತ್ತಡವು ಸರಿಯಾಗಿದೆ. ಒಂದು ಬದಿಯಲ್ಲಿ ದಪ್ಪವಾಗಿ ಉಳಿದಿದ್ದರೆ ಆ ಬದಿಯ ತಿರುಪು ಸಡಿಲವಾಗಿದೆ.